ಜರ್ಮನ್‌ಟೌನ್‌ನಿಂದ ಬ್ರೂಕ್ಲಿನ್‌ವರೆಗೆ: ಐದು ದಿನ, ಎಂಟು ಡಾಲರ್ ಸಾಲ

ಪುತ್ತೂರಿನ ನಮ್ಮ ಹಳೆಯ ಮನೆಯ ಮಾಡಿನಿಂದ ಒಂದು ಹೆಂಚು ತೆಗೆದು ಮಗುಚಿದರೆ ಬಾಸೆಲ್ ಮಿಷನ್ನಿನ ಅಚ್ಚು ಕಾಣಿಸುತ್ತದೆ. ಅಪ್ಪನ ಮೇಜಿನ ಮೇಲೆ ಕಿಟ್ಟೆಲರ ನಿಘಂಟು ಇರುತ್ತಿತ್ತು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಜರ್ಮನಿಯವರು. ಹಾಗಾಗಿ ನಮ್ಮ ಕಡೆಯವರಿಗೆ ಜರ್ಮನರೆಂದರೆ ಹೆಂಚು, ಮಗ್ಗ, ಅಚ್ಚುಮೊಳೆ. ಎಲ್ಲಿಗೆ ಹೋದರೂ ಕಸುಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುವ ಜನ.

ಮಗಳು ಮತ್ತು ಅಳಿಯ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾರೆ. ಈ ಸಲ ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದಾಗ ನಾನು ರೋಬ್ಲಿಂಗ್ ಎಂಬ ಜರ್ಮನ್ ಎಂಜಿನಿಯರ್ ಕಟ್ಟಿದ ಸೇತುವೆಗಳನ್ನು ನೋಡಬೇಕು ಎಂದೆ. ಲೋಕೋಪಯೋಗಿ ಇಲಾಖೆಯಲ್ಲಿ 31 ವರ್ಷ ಸೇತುವೆ, ಮೋರಿಗಳ ಕೆಲಸ ಮಾಡಿದವನಿಗೆ ಇದು ತೀರ್ಥಯಾತ್ರೆ. ಅಳಿಯ ನಕ್ಷೆ ನೋಡಿ, "ಮಾವ, ರೋಬ್ಲಿಂಗ್‌ಗಿಂತ ಹಿಂದಿನ ಜರ್ಮನರೂ ಇದೇ ದಾರಿಯಲ್ಲಿದ್ದಾರೆ, ಅವರಿಂದಲೇ ಆರಂಭಿಸೋಣ" ಎಂದ. ಮೊಮ್ಮಗಳಿಗೆ ಸೋಮವಾರ ಶಾಲೆಗೆ ರಜೆ ಇತ್ತು. ಶುಕ್ರವಾರ ಒಂದು ದಿನ ಹೆಚ್ಚುವರಿ ರಜೆ ಹಾಕಿಸಿ ಐವರೂ ಹೊರಟೆವು.

ಮೊದಲ ದಿನ, ಅಕ್ಟೋಬರ್ 6: ಫಿಲಡೆಲ್ಫಿಯಾ

ದಿನವನ್ನು ಅಳಿಯ ಬೇಕೆಂದೇ ಆರಿಸಿದ್ದ. 1683ರ ಅಕ್ಟೋಬರ್ 6ರಂದು ಕ್ರೆಫೆಲ್ಡ್ ಊರಿನ ಹದಿಮೂರು ಕುಟುಂಬಗಳು ಕಾಂಕಾರ್ಡ್ ಎಂಬ ಹಡಗಿನಲ್ಲಿ ಇಲ್ಲಿ ಬಂದಿಳಿದವು. 1987ರಿಂದ ಈ ದಿನವನ್ನು ಜರ್ಮನ್-ಅಮೆರಿಕನ್ ದಿನವೆಂದು ಆಚರಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ನೇಕಾರರು. ಅವರಿಗಾಗಿ ಜಾಗ ಗೊತ್ತುಮಾಡಲು ಸುಮಾರು ಒಂದೂವರೆ ತಿಂಗಳು ಮೊದಲೇ ಬಂದಿದ್ದ ಪಾಸ್ಟೋರಿಯಸ್ ಎಂಬ ವಕೀಲ ಹೊಸ ಊರಿಗೆ ಒಂದು ಮುದ್ರೆಯನ್ನೂ ರೂಪಿಸಿದ. ಅದರ ಮೂರು ಎಸಳುಗಳಲ್ಲಿ ಒಂದರಲ್ಲಿ ದ್ರಾಕ್ಷಿಬಳ್ಳಿ, ಒಂದರಲ್ಲಿ ಅಗಸೆಯ ಹೂ, ಇನ್ನೊಂದರಲ್ಲಿ ನೂಲಿನ ಉರುಳೆ. ಸಿಂಹ, ಕತ್ತಿಗಳ ಬದಲು ಕಸುಬನ್ನೇ ಲಾಂಛನ ಮಾಡಿಕೊಂಡ ಊರು ನನಗೆ ನೋಡುವ ಮೊದಲೇ ಇಷ್ಟವಾಗಿತ್ತು.

ಜರ್ಮನ್‌ಟೌನ್ ಅವೆನ್ಯೂ ಎಂಬ ಆ ಬೀದಿಗೆ ಈಗಲೂ ಕಲ್ಲು ಹಾಸಿದ್ದಾರೆ. ನಡುವೆ ಓಡಾಟ ನಿಂತ ಟ್ರಾಮಿನ ಹಳಿಗಳಿವೆ. ಕಾರು ಕುಲುಕುತ್ತದೆ, ಒಂದು ಕಡೆ ನಿಲ್ಲಿಸಿ ನಡೆಯುವುದೇ ಸರಿ. ಇಕ್ಕೆಲದ ಹಳೆಯ ಮನೆಗಳ ಕಲ್ಲಿನಲ್ಲಿ ಅಭ್ರಕದ ಚೂರುಗಳು ಮಿನುಗುತ್ತವೆ. ಇಂದು ಇಲ್ಲಿ ವಾಸಿಸುವವರಲ್ಲಿ ಹೆಚ್ಚಿನವರು ಆಫ್ರಿಕನ್-ಅಮೆರಿಕನ್ನರು.

1688ರಲ್ಲಿ ಈ ಬೀದಿಯ ಒಂದು ಮನೆಯಲ್ಲಿ ನಾಲ್ವರು ಕುಳಿತು ಗುಲಾಮಗಿರಿಯ ವಿರುದ್ಧ ಒಂದು ಮನವಿ ಬರೆದರು. ಇಂಗ್ಲಿಷ್ ವಸಾಹತುಗಳಲ್ಲಿ ಅಂಥ ಬರಹ ಅದೇ ಮೊದಲು. ಯುರೋಪಿನಲ್ಲಿ ನಂಬಿಕೆಯ ಕಾರಣಕ್ಕೆ ಜನರನ್ನು ಹಿಂಸಿಸುತ್ತಾರೆ, ಇಲ್ಲಿ ಬಣ್ಣದ ಕಾರಣಕ್ಕೆ ಹಿಂಸಿಸುತ್ತಿದ್ದೇವೆ. ನಮಗೆ ಹೀಗೆ ಮಾಡಿದರೆ ಒಪ್ಪುತ್ತೇವೆಯೇ ಎಂಬುದು ಅದರ ವಾದ. ಕ್ವೇಕರ್ ಎಂಬ ಅವರ ಕ್ರೈಸ್ತ ಪಂಥದ ಒಂದು ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು, ಅದು ಇನ್ನೂ ಮೇಲಿನ ಸಭೆಗೆ ಕಳಿಸಿತು. ಅಲ್ಲಿ ಕಡತದೊಳಗೆ ಸೇರಿಹೋಯಿತು. ಮತ್ತೆ ಕಣ್ಣಿಗೆ ಬಿದ್ದದ್ದು 1844ರಲ್ಲಿ. ಸರಕಾರಿ ಕಚೇರಿಯಲ್ಲಿ ದುಡಿದ ನನಗೆ ಆ ಮೇಲಿನ ಸಭೆಗಳ ಚಿತ್ರ ಕಣ್ಣಿಗೆ ಕಟ್ಟಿತು.

ಆ ಜಾಗದ ಫಲಕವನ್ನು ನಾನು ಓದುತ್ತಿದ್ದಾಗ ಪಕ್ಕದ ಮೆಟ್ಟಿಲ ಮೇಲೆ ಚೀಲ ಇಟ್ಟು ದಣಿವಾರಿಸಿಕೊಳ್ಳುತ್ತಿದ್ದ ಹಿರಿಯ ಮಹಿಳೆಯೊಬ್ಬರು ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಹೇಳಿದೆ. "ಇಲ್ಲಿ ನಿಂತು ಪೂರ್ತಿ ಓದುವವರು ಕಡಿಮೆ. ನನ್ನ ಮಕ್ಕಳಿಗೆ ನಾನೇ ಇಲ್ಲಿಗೆ ಕರೆತಂದು ಓದಿಸಿದ್ದೇನೆ. ಆ ನಾಲ್ವರು ಆಗ ತಾನೇ ಬಂದವರು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ" ಎಂದರು. ನನ್ನ ಹೆಂಡತಿ ಅವರ ಚೀಲವನ್ನು ಮನೆಯ ಬಾಗಿಲವರೆಗೆ ಹೊತ್ತುಕೊಟ್ಟು ಬಂದಳು.

ಮಧ್ಯಾಹ್ನ ಅಲ್ಲಿಂದ ತುಸು ದೂರದ ರಿಟನ್‌ಹೌಸ್ ಟೌನ್‌ಗೆ ಹೋದೆವು. ಒಂದು ಹಾರಿಗೆ ದಾಟಬಹುದಾದಂಥ ತೋಡು, ದಂಡೆಯಲ್ಲಿ ಬೆಳ್ಳಗಿನ ಕಲ್ಲಿನ ಮನೆಗಳು. ವಿಲಿಯಂ ರಿಟನ್‌ಹೌಸ್ 1690ರಲ್ಲಿ ಈ ತೋಡಿನ ನೀರಿನಿಂದ ಬ್ರಿಟಿಷ್ ಅಮೆರಿಕದ ಮೊದಲ ಕಾಗದದ ಗಿರಣಿ ನಡೆಸಿದ. ಆಗ ಕಾಗದ ಮಾಡುತ್ತಿದ್ದದ್ದು ಮರದಿಂದಲ್ಲ, ಹಳೆಯ ನಾರುಬಟ್ಟೆಯಿಂದ. ನೇಕಾರರ ಊರು ಅಗಸೆ ಬೆಳೆಯಿತು, ನೂತಿತು, ನೇಯಿತು, ಉಟ್ಟಿತು. ಹರಿದ ಮೇಲೆ ಕಾಗದವಾಗಿಸಿತು. 1743ರಲ್ಲಿ ಇದೇ ಜರ್ಮನ್‌ಟೌನ್‌ನಲ್ಲಿ ಕ್ರಿಸ್ಟೋಫರ್ ಸಾವರ್ ಜರ್ಮನ್ ಬೈಬಲ್ಲಿನ 1200 ಪ್ರತಿಗಳನ್ನು ಅಚ್ಚು ಹಾಕಿದ. ಯುರೋಪಿನ ಭಾಷೆಯೊಂದರಲ್ಲಿ ಅಮೆರಿಕದಲ್ಲಿ ಮುದ್ರಣವಾದ ಮೊದಲ ಬೈಬಲ್ ಅದು. ಇಂಗ್ಲಿಷಿನದು ಬರಲು ಮತ್ತೆ ಸುಮಾರು ನಲವತ್ತು ವರ್ಷ ಬೇಕಾಯಿತು. ಅದರಿಂದ ಸರಿಯಾಗಿ ನೂರು ವರ್ಷಕ್ಕೆ ಮೊಗ್ಲಿಂಗ್ ಮಂಗಳೂರಿನಲ್ಲಿ ಪತ್ರಿಕೆ ಹೊರಡಿಸಿದ್ದು. ತೋಡಿನ ದಂಡೆಯಲ್ಲಿ ಕುಳಿತು ಇದನ್ನು ಲೆಕ್ಕ ಹಾಕಿದಾಗ ಮೈ ಜುಮ್ಮೆಂದಿತು.

ಎರಡನೆಯ ದಿನ: ಲ್ಯಾಂಕಾಸ್ಟರ್, ಮಳೆ, ಕಡುಬು

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಲ್ಯಾಂಕಾಸ್ಟರ್ ನಗರದ ಸೆಂಟ್ರಲ್ ಮಾರ್ಕೆಟ್ ನಡೆಯುವುದು ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ; ನಾವು ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲೇ ಒಳಗಿದ್ದೆವು. 1889ರ ಕೆಂಪು ಇಟ್ಟಿಗೆಯ ಕಟ್ಟಡ. ಒಳಗೆ ಕುಂಬಳ, ಸೇಬು, ಬೆಣ್ಣೆ, ಬಿಸಿ ರೊಟ್ಟಿಗಳ ವಾಸನೆ ಮಳೆಯ ಥಂಡಿಯಲ್ಲಿ ಗಟ್ಟಿಯಾಗಿ ನಿಂತಿತ್ತು. ಸಸ್ಯಾಹಾರಿಯಾದ ನನ್ನ ಹೆಂಡತಿಗೆ ಇಲ್ಲಿ ಏನು ಸಿಗುತ್ತದೋ ಎಂಬ ಚಿಂತೆಯಿತ್ತು. ಚೌ-ಚೌ ಎಂಬುದೊಂದು ಸಿಕ್ಕಿತು. ಬೀನ್ಸ್, ಹೂಕೋಸು, ಜೋಳ, ಕ್ಯಾರೆಟ್‌ಗಳನ್ನು ವಿನೆಗರ್, ಸಕ್ಕರೆ, ಸಾಸಿವೆಯಲ್ಲಿ ಹಾಕಿದ ಉಪ್ಪಿನಕಾಯಿ. "ನಮ್ಮ ಮೆಣಸ್ಕಾಯಿಯ ನೆಂಟ" ಎಂದು ಅವಳು ಎರಡು ಬಾಟಲಿ ಕೊಂಡಳು. ಹುಳಿ-ಸಿಹಿ ಎರಡನ್ನೂ ಒಂದೇ ತುತ್ತಿನಲ್ಲಿ ಬಯಸುವ ಜನ ನಮಗೆ ದೂರದವರಲ್ಲ.

ರೊಟ್ಟಿಯಂಗಡಿಯ ಮಹಿಳೆಯೊಂದಿಗೆ ಮಾತಾಯಿತು. ಅವರ ಮನೆತನ ಜರ್ಮನಿಯಿಂದ ಬಂದು ಆರೇಳು ತಲೆಮಾರಾಗಿದೆ. ಮನೆಯಲ್ಲಿ ಜರ್ಮನ್ ಮಾತಾಡುತ್ತೀರಾ ಎಂದು ಕೇಳಿದೆ. "ನನ್ನ ಮುತ್ತಜ್ಜ 1918ರಲ್ಲಿ ನಿಲ್ಲಿಸಿದರಂತೆ. ಊಟದ ಮೇಜಿನ ಮುಂದೆ ಒಂದು ಸಂಜೆ, ನಾಳೆಯಿಂದ ಇಂಗ್ಲಿಷ್ ಮಾತ್ರ ಎಂದರಂತೆ" ಎಂದರು. ಮೊದಲ ಮಹಾಯುದ್ಧದ ಕಾಲವದು. ಜರ್ಮನ್ ಹೆಸರಿನ ಬೀದಿಗಳಿಗೆ ಬೇರೆ ಹೆಸರಿಟ್ಟರು. ಹುಳಿ ಬರಿಸಿದ ಎಲೆಕೋಸಾದ ಸಾವರ್‌ಕ್ರಾಟನ್ನು 'ಸ್ವಾತಂತ್ರ್ಯದ ಕೋಸು' ಎಂದು ಕರೆದರು. ನೆಬ್ರಾಸ್ಕದಲ್ಲಿ ಹತ್ತು ವರ್ಷದ ಮಗುವಿಗೆ ಜರ್ಮನ್ ಓದಲು ಕಲಿಸಿದ ಮೇಯರ್ ಎಂಬ ಶಿಕ್ಷಕರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗಿತ್ತು. ಇಂದು ನಾಲ್ಕು ಕೋಟಿಗೂ ಹೆಚ್ಚು ಅಮೆರಿಕನ್ನರು ತಮ್ಮ ಮೂಲ ಜರ್ಮನಿ ಎನ್ನುತ್ತಾರೆ, ಆದರೆ ಅವರ ಮಾತಿನಲ್ಲಿ ಅದು ಕೇಳಿಸುವುದಿಲ್ಲ. ಬಸದಿ ಹೋದ ಮೇಲೂ ಉಳಿದ ಅಡಿಪಾಯದ ಕಲ್ಲಿನಂತೆ ಕೈಕೆಲಸ ಮಾತ್ರ ಉಳಿದಿದೆ.

ಲ್ಯಾಂಡಿಸ್ ವ್ಯಾಲಿ ಸಂಗ್ರಹಾಲಯದಲ್ಲಿ ನಾನು ಎರಡು ಗಂಟೆ ನಿಂತದ್ದು ಕಾನೆಸ್ಟೋಗ ಬಂಡಿಯ ಮುಂದೆ. ಇದೇ ಕಣಿವೆಯ ಜರ್ಮನ್ ಬಡಗಿಗಳು, ಕಮ್ಮಾರರು ಹದಿನೆಂಟನೆಯ ಶತಮಾನದಲ್ಲಿ ರೂಪಿಸಿದ ಸರಕಿನ ಬಂಡಿ ಇದು. ನಾಲ್ಕಾರು ಕುದುರೆ ಕಟ್ಟಿ ಟನ್ನುಗಟ್ಟಲೆ ಹೇರು ಎಳೆಸುತ್ತಿದ್ದರು. ತಳ ದೋಣಿಯಂತೆ ಎರಡೂ ತುದಿಗೆ ಮೇಲೆದ್ದಿದೆ. ಬೆಟ್ಟ ಹತ್ತಿ ಇಳಿಯುವಾಗ ಪೀಪಾಯಿ, ಮೂಟೆಗಳು ಹಿಂದಕ್ಕೋ ಮುಂದಕ್ಕೋ ಜಾರದೆ ನಡುವಿಗೇ ಒತ್ತಿಕೊಳ್ಳುತ್ತವೆ. ಒಂದು ಮೊಳೆಯನ್ನೂ ಹೆಚ್ಚು ಹೊಡೆಯದೆ, ಆಕಾರದಿಂದಲೇ ತೊಂದರೆ ಬಗೆಹರಿಸಿದ್ದಾರೆ. ಬಂಡಿಯವನಿಗೆ ಒಳಗೆ ಆಸನವಿಲ್ಲ. ಎಡಬದಿಯಿಂದ ಹೊರಚಾಚುವ ಹಲಗೆಯ ಮೇಲೆ ನಿಲ್ಲುತ್ತಾನೆ, ಇಲ್ಲವೇ ಎಡಗಡೆ ನಡೆಯುತ್ತಾನೆ. ಎದುರಿನ ಬಂಡಿ ತನ್ನ ಕಣ್ಣಳತೆಯಲ್ಲಿ ಹಾದುಹೋಗಲಿ ಎಂದು ತಾನು ರಸ್ತೆಯ ಬಲಕ್ಕೆ ಹೋಗುತ್ತಾನೆ. ಅಮೆರಿಕದಲ್ಲಿ ವಾಹನಗಳು ಬಲಗಡೆ ಚಲಿಸಲು ಇದೂ ಒಂದು ಕಾರಣ ಎನ್ನುತ್ತಾರೆ.

ಸಂಜೆ ಲಿಟಿಟ್ಸ್ ಊರಿನಲ್ಲಿ 1861ರ ಸ್ಟರ್ಜಿಸ್ ಪ್ರೆಟ್ಜೆಲ್ ಬೇಕರಿ ನೋಡಿದೆವು. ಹಿಟ್ಟಿನ ಬತ್ತಿಯನ್ನು ಹೊಸೆದು ಗಂಟು ಹಾಕುವುದನ್ನು ಬಂದವರಿಗೆಲ್ಲ ಕಲಿಸುತ್ತಾರೆ. ಕೋಡುಬಳೆ ಸುತ್ತಿ ಪಳಗಿದ ನನ್ನ ಹೆಂಡತಿಯ ಕೈಗೆ ಅದು ಒಂದೇ ಸಲಕ್ಕೆ ಬಂತು. ಹೇಳಿಕೊಡುತ್ತಿದ್ದ ಹುಡುಗಿ ಇನ್ನೊಮ್ಮೆ ಮಾಡಿಸಿ ನೋಡಿದಳು.

ವಾಪಸು ಬರುವಾಗ ಕಿರಿದಾದ ರಸ್ತೆಯಲ್ಲಿ ಒಂದು ಕುದುರೆಗಾಡಿಯ ಹಿಂದೆ ಎರಡು ಮೈಲಿ ನಿಧಾನವಾಗಿ ಸಾಗಿದೆವು. ಅಳಿಯ ಹಾರ್ನ್ ಮಾಡಲಿಲ್ಲ, ಮಾಡಲೂಬಾರದು, ಕುದುರೆ ಬೆದರುತ್ತದೆ. ಆ ಗಾಡಿಯಲ್ಲಿದ್ದವರು ಹಳೆಯ ರೀತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಥದ ಒಬ್ಬ ಅಜ್ಜ. ಅವರು ತಮ್ಮ ತೋಟದ ಗೇಟಿನಲ್ಲಿ ಇಳಿದರು. ಅಲ್ಲಿಯೇ ಅವರ ಮನೆಯವರು ಕಡುಬು, ಕುಂಬಳಕಾಯಿ ಮಾರಲು ಇಟ್ಟಿದ್ದರು. ಕಾಕಂಬಿ ಹಾಕಿದ ಶೂಫ್ಲೈ ಪೈ ಎಂಬ ಆ ಸಿಹಿಕಡುಬನ್ನು ಕೊಳ್ಳಲು ಹೋದರೆ ನಮ್ಮಲ್ಲಿ ಒಬ್ಬರ ಹತ್ತಿರವೂ ನಗದಿಲ್ಲ. ಕಾರ್ಡು ಅಲ್ಲಿ ನಡೆಯುವುದಿಲ್ಲ. ಈ ಕಡೆ ಹೋಗುವವರು ಕಿಸೆಯಲ್ಲಿ ಚಿಲ್ಲರೆ ನೋಟು ಇಟ್ಟುಕೊಂಡಿರಬೇಕು, ಅವರ ಮುಖದ ಚಿತ್ರ ತೆಗೆಯಬಾರದು ಎಂಬೆರಡನ್ನೂ ಮಗಳು ಓದಿದ್ದಳು, ಎರಡನೆಯದು ಮಾತ್ರ ನೆನಪಿನಲ್ಲಿತ್ತು. ಅಜ್ಜ ಕಡುಬನ್ನು ಕಟ್ಟಿಸಿಯೇ ಕೊಟ್ಟರು. "ಎಂಟು ಡಾಲರ್, ಆದಾಗ ಕೊಡಿ."

ನಾವು ಮನೆಯಲ್ಲಿ ಯಾವ ಭಾಷೆ ಆಡುತ್ತೇವೆ ಎಂದು ಕೇಳಿದರು. ತುಳು ಎಂದೆ. ಶಾಲೆಯಲ್ಲಿ ಕಲಿತದ್ದು ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎಂದೂ ಸೇರಿಸಿದೆ. ಅವರ ಮುಖ ಅರಳಿತು. ಅವರ ಮನೆಯಲ್ಲಿ 'ಡೈಚ್' ಎಂಬ ಪೆನ್ಸಿಲ್ವೇನಿಯದ ಜರ್ಮನ್ ಆಡುನುಡಿ, ಪ್ರಾರ್ಥನೆಗೆ ಗ್ರಂಥದ ಜರ್ಮನ್, ಶಾಲೆಯಲ್ಲಿ ಇಂಗ್ಲಿಷ್. ಮಾರ್ಕೆಟ್ಟಿನ ಮಹಿಳೆಯ ಮುತ್ತಜ್ಜ ಕಳೆದುಕೊಂಡದ್ದನ್ನು ಇವರ ಪಂಥದ ಮೂರು ಲಕ್ಷಕ್ಕೂ ಹೆಚ್ಚು ಜನ ಕುದುರೆಗಾಡಿಯೊಂದಿಗೆ ಕಾಪಾಡಿಕೊಂಡಿದ್ದಾರೆ. ಧನ್ಯವಾದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಮೊಮ್ಮಗಳು ಕೇಳಿದಳು. "ಡೆಂಕಿ" ಎಂದರು.

ಮೂರನೆಯ ದಿನ: ಎಫ್ರಾಟ, ಬೆಥ್ಲೆಹೆಮ್

ಬೆಳಿಗ್ಗೆ ಹಣ ತೆಗೆದುಕೊಂಡು ಮತ್ತೆ ಅದೇ ಗೇಟಿಗೆ ಹೋದೆವು. ಅಜ್ಜ ಕೈ ಹಿಂದಕ್ಕೆಳೆದುಕೊಂಡರು. ಅಂದು ಭಾನುವಾರ, ಭಾನುವಾರ ಅವರು ವ್ಯಾಪಾರದ ಹಣ ಮುಟ್ಟುವುದಿಲ್ಲ. ಕಲ್ಲಿನ ಕೆಳಗಿಟ್ಟು ಹೋಗುತ್ತೇವೆ ಎಂದರೂ ಒಪ್ಪಲಿಲ್ಲ. ವಿಳಾಸ ಬರೆದುಕೊಟ್ಟು, ಅಂಚೆಯಲ್ಲಿ ಕಳಿಸಿದರಾಯಿತು ಎಂದರು. ಸಾಲ ಹೊತ್ತುಕೊಂಡೇ ಹೊರಟೆವು.

ಎಫ್ರಾಟದ ಮಠವನ್ನು ಕೊನ್ರಾಡ್ ಬೈಸೆಲ್ ಎಂಬಾತ 1732ರಲ್ಲಿ ಸ್ಥಾಪಿಸಿದ. ಕಡಿದಾದ ಮಾಡು, ಪುಟ್ಟ ಪುಟ್ಟ ಕಿಟಕಿಗಳ ಮರದ ಕಟ್ಟಡಗಳು. ಬಾಗಿಲುಗಳು ಎಷ್ಟು ತಗ್ಗು ಎಂದರೆ ಬಗ್ಗದೆ ಒಳಗೆ ಹೋಗಲಾಗದು. ಹದಿನೈದು ಅಂಗುಲ ಅಗಲದ ಹಲಗೆಯೇ ಹಾಸಿಗೆ, ಮರದ ತುಂಡೇ ದಿಂಬು. ಇಂಥ ಕಠಿಣ ಬದುಕಿನ ನಡುವೆ ಅವರು ಸ್ವರ ಸಂಯೋಜಿಸಿದರು, ಹೂಬಳ್ಳಿಗಳ ಅಲಂಕಾರದ ಅಕ್ಷರ ಬರೆದರು, 1748ರ ಹೊತ್ತಿಗೆ ಸಾವಿರದೈನೂರು ಪುಟಗಳ ಹುತಾತ್ಮರ ಚರಿತ್ರೆಯನ್ನು ಅಚ್ಚು ಹಾಕಿದರು. ವಸಾಹತು ಕಾಲದ ಅಮೆರಿಕದಲ್ಲಿ ಅಚ್ಚಾದ ಅತಿ ದೊಡ್ಡ ಪುಸ್ತಕ ಅದು. ಮಳೆ ನಿಂತು ಬಿಸಿಲು ಬಂದಾಗ ಒದ್ದೆ ಹಲಗೆಗಳಿಂದ ಹಬೆ ಏಳುತ್ತಿತ್ತು. ಮೊಮ್ಮಗಳು ಮರದ ದಿಂಬಿನ ಮಾದರಿಯ ಮೇಲೆ ಕೈಯಿಟ್ಟು ನೋಡಿ ಏನೂ ಮಾತಾಡಲಿಲ್ಲ.

ಸಂಜೆ ನಾಲ್ಕಕ್ಕೆ ಬೆಥ್ಲೆಹೆಮ್. ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಹೆಸರಿಟ್ಟ ಊರು. ತಗ್ಗಿನಲ್ಲಿ ಮೊನೊಕಸಿ ತೊರೆಯ ಪಕ್ಕ 1762ರ ನೀರೆತ್ತುವ ಮನೆ ಇದೆ. ತೊರೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಪಂಪುಗಳನ್ನು ಒತ್ತುತ್ತದೆ, ಪಂಪುಗಳು ಬುಗ್ಗೆಯ ನೀರನ್ನು ದಿಬ್ಬದ ಮೇಲಿನ ಗೋಪುರಕ್ಕೆ ತಳ್ಳುತ್ತವೆ. ಅಲ್ಲಿಂದ ತಾನಾಗಿಯೇ ಮನೆಗಳಿಗೆ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಓವರ್‌ಹೆಡ್ ಟ್ಯಾಂಕು ಕಟ್ಟಿಸಿದಾಗ ನಾವು ಮಾಡುವುದೂ ಇದನ್ನೇ. ಊರಿನ ಬಾಖ್ ಗಾಯಕವೃಂದ ಜರ್ಮನ್ ಸಂಗೀತಕಾರ ಬಾಖ್‌ನ ಬಿ ಮೈನರ್ ಮಾಸ್ ಎಂಬ ಪ್ರಾರ್ಥನಾ ಸಂಗೀತದ ಕೃತಿಯನ್ನು 1900ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಹಾಡಿತು.

ನಾಲ್ಕನೆಯ ದಿನ: ಲ್ಯಾಕವಾಕ್ಸನ್

ಅಳಿಯ ಗಿಟಾರ್ ನುಡಿಸುತ್ತಾನೆ. ಸ್ಯಾಕ್ಸನಿಯಿಂದ 1833ರಲ್ಲಿ ಬಂದ ಮಾರ್ಟಿನ್ ಎಂಬ ಗಿಟಾರ್ ಕುಶಲಕರ್ಮಿ ನೆಲೆಯೂರಿದ ನ್ಯಾಜರೆತ್ ಅದೇ ದಾರಿಯಲ್ಲಿತ್ತು. ನಾವು ಹೋದಾಗ ಬೆಳಗಿನ ಏಳು ಗಂಟೆ. ಕಾರ್ಖಾನೆಯನ್ನು ಹೊರಗಿನಿಂದ ನೋಡಿ ಮುಂದೆ ಸಾಗಿದೆವು.

ಪೊಕೊನೊ ಬೆಟ್ಟಗಳಲ್ಲಿ ಮೇಪಲ್ ಎಲೆಗಳು ಕೆಂಪೇರಿದ್ದವು. ಮಂಜು ಕಣಿವೆಯಲ್ಲಿ ಮಲಗಿತ್ತು. ಮೊಬೈಲಿಗೆ ಸಿಗ್ನಲ್ ಹೋಯಿತು, ಮಣ್ಣು ರಸ್ತೆಯೊಂದು ಯಾರದೋ ಕಟ್ಟಿಗೆ ರಾಶಿಯ ಮುಂದೆ ಮುಗಿಯಿತು. ಕಟ್ಟಿಗೆ ಒಡೆಯುತ್ತಿದ್ದವರು ಕೊಡಲಿ ಇಟ್ಟು, ನೆಲದ ಮೇಲೆ ಕಡ್ಡಿಯಿಂದ ನಕ್ಷೆ ಗೀಚಿ ದಾರಿ ತೋರಿಸಿದರು. ಈ ಕಡೆ ಬರುವವರು ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರುವುದು ಒಳ್ಳೆಯದು.

ತಿರುವು ದಾಟುತ್ತಲೇ ಡೆಲಾವೇರ್ ನದಿ, ಅದರ ಮೇಲೆ ರೋಬ್ಲಿಂಗರ ಸೇತುವೆ.

ಜಾನ್ ರೋಬ್ಲಿಂಗ್ ಹುಟ್ಟಿದ್ದು 1806ರಲ್ಲಿ, ಥುರಿಂಗಿಯಾದ ಮ್ಯುಹ್ಲ್‌ಹೌಸನ್‌ನಲ್ಲಿ. ಬರ್ಲಿನ್ನಿನಲ್ಲಿ ಓದಿ, 1831ರಲ್ಲಿ ಅಮೆರಿಕಕ್ಕೆ ಬಂದು ಪಶ್ಚಿಮ ಪೆನ್ಸಿಲ್ವೇನಿಯದಲ್ಲಿ ಬೇಸಾಯಕ್ಕೆ ಇಳಿದ. ಆಗ ಕಾಲುವೆಯ ದೋಣಿಗಳನ್ನು ಇಳಿಜಾರು ಹಳಿಗಳ ಮೇಲೆ ನಾರಿನ ಹಗ್ಗ ಕಟ್ಟಿ ಬೆಟ್ಟದಾಚೆಗೆ ಎಳೆಯುತ್ತಿದ್ದರು. ಹಗ್ಗ ಸವೆದು ಹರಿಯುತ್ತಿತ್ತು. ರೋಬ್ಲಿಂಗ್ 1841ರಲ್ಲಿ ತನ್ನ ಹೊಲದಲ್ಲೇ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದ. ಮುಂದಿನದೆಲ್ಲ ಆ ಹಗ್ಗದ ಕಥೆ.

ಇಲ್ಲಿ ಅವನ ಮುಂದಿದ್ದ ತೊಡಕು ಹೀಗಿತ್ತು. ಕಲ್ಲಿದ್ದಲು ದೋಣಿಗಳ ಕಾಲುವೆ ಈ ನದಿಯನ್ನು ಅಡ್ಡ ದಾಟಬೇಕು. ಅದೇ ನದಿಯಲ್ಲಿ ಮರದ ದಿಮ್ಮಿಗಳ ತೆಪ್ಪಗಳು ಉದ್ದಕ್ಕೆ ತೇಲಿ ಬರುತ್ತವೆ. ಡಿಕ್ಕಿ, ಜಗಳ ನಿತ್ಯದ್ದು. ರೋಬ್ಲಿಂಗ್ ಕಾಲುವೆಯನ್ನೇ ಎತ್ತಿ ನದಿಯ ಮೇಲೆ ತೂಗುಹಾಕಿದ. ಎರಡು ತಂತಿ ಹಗ್ಗ, ಅವುಗಳಿಗೆ ನೇತುಬಿದ್ದ ಮರದ ತೊಟ್ಟಿ, ತೊಟ್ಟಿಯಲ್ಲಿ ನೀರು, ನೀರಿನಲ್ಲಿ ದೋಣಿ. ಕಂಬಗಳ ನಡುವೆ ಅಂತರ ಹೆಚ್ಚಾದ್ದರಿಂದ ಕೆಳಗೆ ತೆಪ್ಪಗಳೂ ಚಳಿಗಾಲದ ಮಂಜುಗಡ್ಡೆಯೂ ಸಲೀಸಾಗಿ ಹೋದವು. 1848ರಲ್ಲಿ ಕಟ್ಟಿ ಮುಗಿಸಿದ.

"ಅಷ್ಟು ಭಾರದ ದೋಣಿ ಬಂದರೆ ಸೇತುವೆ ಜಗ್ಗುವುದಿಲ್ಲವೇ, ಅಜ್ಜ?" ಎಂದು ಮೊಮ್ಮಗಳು ಕೇಳಿದಳು. ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ಲೋಟ ತುಂಬ ನೀರು ತುಂಬಿ ಕಿತ್ತಳೆಯೊಂದನ್ನು ತೇಲಿಬಿಟ್ಟು ತೋರಿಸಿದೆ. ಕಿತ್ತಳೆ ತನ್ನ ತೂಕದಷ್ಟೇ ನೀರನ್ನು ಹೊರಚೆಲ್ಲಿತು. ದೋಣಿಯೂ ತನ್ನ ತೂಕದಷ್ಟು ನೀರನ್ನು ಆಚೀಚಿನ ಕಾಲುವೆಗೆ ತಳ್ಳಿಯೇ ಒಳಬರುತ್ತದೆ. ಖಾಲಿ ದೋಣಿ ಬರಲಿ, ಕಲ್ಲಿದ್ದಲು ತುಂಬಿದ್ದು ಬರಲಿ, ಹಗ್ಗದ ಮೇಲಿನ ಭಾರ ಬದಲಾಗುವುದಿಲ್ಲ. ಸೇತುವೆ ಕಟ್ಟುವವನಿಗೆ ಇದಕ್ಕಿಂತ ನೆಮ್ಮದಿಯ ಭಾರ ಬೇರೆ ಇಲ್ಲ.

ಕಾಲುವೆ 1898ರಲ್ಲಿ ನಿಂತಿತು. ನೀರಿದ್ದಲ್ಲಿ ಈಗ ಕಾರು ಹೋಗುತ್ತವೆ, ಒಂದು ಸಲಕ್ಕೆ ಒಂದೇ ಕಡೆಯಿಂದ. ಮರದ ಭಾಗಗಳನ್ನು 1980ರ ದಶಕದಲ್ಲಿ ಹೊಸದಾಗಿ ಮಾಡಿದ್ದಾರೆ; ಹಗ್ಗಗಳು ಮಾತ್ರ ರೋಬ್ಲಿಂಗ್ ಹಾಕಿದವೇ. ನಾನು ಅದರ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಸುಳ್ಯದ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿಗೆ ಹಾಕಿದ ತೂಗುಸೇತುವೆಯ ಹಗ್ಗ ಮುಟ್ಟಿದ್ದು ನೆನಪಾಯಿತು. ಮಳೆಗಾಲದಲ್ಲಿ ಆಚೆ ದಡದ ಮಕ್ಕಳು ಶಾಲೆ ತಪ್ಪಿಸಿಕೊಳ್ಳದಂತೆ ಮಾಡಿದ್ದು ಇದೇ ಬಗೆಯ ತಂತಿ ಹಗ್ಗ.

ರಾತ್ರಿ ಎಡಿಸನ್‌ಗೆ ಮರಳಿ ಉಳಿದ ಕಡುಬನ್ನು ಬಿಸಿ ಮಾಡಿ ತಿಂದೆವು. ಮೊಮ್ಮಗಳು ಆ ಆಮಿಶ್ ಅಜ್ಜನಿಗೆ ಕಾರ್ಡು ಬರೆಯಲು ಕುಳಿತಳು.

ಐದನೆಯ ದಿನ: ಬ್ರೂಕ್ಲಿನ್

ಮಂಗಳವಾರ. ಮೊಮ್ಮಗಳಿಗೆ ಶಾಲೆ, ಮಗಳು-ಅಳಿಯನಿಗೆ ಕೆಲಸ. ನಾನೂ ನನ್ನ ಹೆಂಡತಿಯೂ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿ, ಸಬ್‌ವೇ ಹಿಡಿದು ಹೈ ಸ್ಟ್ರೀಟ್‌ನಲ್ಲಿ ಇಳಿದೆವು. ರೋಬ್ಲಿಂಗ್ ರೂಪಿಸಿದ ಬ್ರೂಕ್ಲಿನ್ ಸೇತುವೆಯನ್ನು ಬ್ರೂಕ್ಲಿನ್ ಕಡೆಯಿಂದ ನಡೆದರೆ ನಗರ ಮುಖಾಮುಖಿಯಾಗಿ ಏಳುತ್ತದೆ. ಗಾಳಿ ಜೋರು, ಅವಳು ಸೆರಗನ್ನು ಕೋಟಿನೊಳಗೆ ಸಿಕ್ಕಿಸಿಕೊಂಡಳು.

ಈ ಸೇತುವೆಯ ಅಳತೆಗಾಗಿ 1869ರಲ್ಲಿ ಕಟ್ಟೆಯ ಮೇಲೆ ನಿಂತಿದ್ದಾಗ ರೋಬ್ಲಿಂಗರ ಕಾಲ್ಬೆರಳುಗಳು ದಡಕ್ಕೆ ಬಂದ ದೋಣಿಗೆ ಸಿಕ್ಕಿ ಜಜ್ಜಿದವು. ಧನುರ್ವಾಯುವಾಗಿ ಒಂದು ತಿಂಗಳೊಳಗೆ ತೀರಿಕೊಂಡರು. ಮಗ ವಾಷಿಂಗ್ಟನ್‌ಗೆ ಆಗ 32 ವರ್ಷ. ನದಿಯ ತಳದಲ್ಲಿ ಒತ್ತಡದ ಗಾಳಿಯ ಪೆಟ್ಟಿಗೆಯೊಳಗೆ ಇಳಿದು ಕೆಲಸ ಮಾಡಿಸಿ, ಮೇಲೆ ಬರುವಾಗ ತಗಲುವ ಕಾಯಿಲೆಯಿಂದ ಅವರೂ ಹಾಸಿಗೆ ಹಿಡಿದರು. ಅವರ ಹೆಂಡತಿ ಎಮಿಲಿ ಲೆಕ್ಕಾಚಾರ ಕಲಿತು, ವರ್ಷಗಟ್ಟಲೆ ಕಾಮಗಾರಿಗೂ ಮನೆಗೂ ನಡುವೆ ಓಡಾಡಿದರು. 1883ರ ಮೇ 24ರಂದು ಸೇತುವೆ ತೆರೆಯಿತು. ಗೋಪುರದ ಮೇಲೆ ಎಮಿಲಿಯ ಹೆಸರಿನ ಫಲಕವಿದೆ. ನನ್ನ ಹೆಂಡತಿ ಅದನ್ನು ಎರಡು ಸಲ ಓದಿಸಿಕೊಂಡಳು. ನಾನು ಸೈಟಿನಲ್ಲಿದ್ದ ಮಳೆಗಾಲಗಳಲ್ಲಿ ಮನೆ, ತೋಟ, ಮಕ್ಕಳು ಎಲ್ಲವನ್ನೂ ನೋಡಿಕೊಂಡವಳು ಅವಳು.

ನಡುವಿನಲ್ಲಿ ಹಗ್ಗ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೆಲಸ ನಡೆಯುತ್ತಿದ್ದಾಗ ಒಬ್ಬ ಗುತ್ತಿಗೆದಾರ ತಪಾಸಣೆಯಾದ ಒಳ್ಳೆಯ ತಂತಿಯನ್ನು ದಾರಿಯಲ್ಲಿ ಬದಲಿಸಿ ಕೆಟ್ಟ ತಂತಿ ಪೂರೈಸಿದ್ದು 1878ರಲ್ಲಿ ಬಯಲಾಯಿತು. ಅಷ್ಟರಲ್ಲಿ ಬಹಳಷ್ಟು ತಂತಿ ಹಗ್ಗದೊಳಗೆ ಸೇರಿ ಹೋಗಿತ್ತು, ಬಿಚ್ಚಲಾಗದು. ಜಾನ್ ರೋಬ್ಲಿಂಗ್ ಅಗತ್ಯಕ್ಕಿಂತ ಆರುಪಟ್ಟು ಬಲಕ್ಕೆ ಲೆಕ್ಕ ಹಾಕಿದ್ದರಿಂದ ಅಪಾಯವಿರಲಿಲ್ಲ. ಆದರೂ ಮಗ ಒಂದೊಂದು ಹಗ್ಗಕ್ಕೂ 150 ಒಳ್ಳೆಯ ತಂತಿಗಳನ್ನು ಹೆಚ್ಚಿಗೆ ಸೇರಿಸಿದರು. ಆ ಕೆಟ್ಟ ತಂತಿ ಇವತ್ತಿಗೂ ಒಳಗಿದೆ, ಒಳ್ಳೆಯವುಗಳ ಜೊತೆ ಸೇರಿ ಭಾರ ಹೊರುತ್ತಿದೆ. ಇದನ್ನು ಅವಳಿಗೆ ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಕಟ್ಟಿತು.

ಮ್ಯಾನ್‌ಹಟನ್ ಕಡೆ ಇಳಿದ ಮೇಲೆ ಮೊದಲು ಅಂಚೆಪೆಟ್ಟಿಗೆ ಹುಡುಕಿದೆವು. ಲಕೋಟೆಯಲ್ಲಿ ಒಂದು ಐದರ ನೋಟು, ಒಂದೊಂದರ ಮೂರು ನೋಟು, ಜೊತೆಗೆ ಮೊಮ್ಮಗಳ ಕಾರ್ಡು. ಅದರಲ್ಲಿ ಅವಳು ದೊಡ್ಡದಾಗಿ 'ಡೆಂಕಿ' ಎಂದು ಬರೆದಿದ್ದಳು. ಕೆಳಗೆ, ನಮ್ಮ ಲಿಪಿ ಹೇಗಿರುತ್ತದೆಂದು ಅಜ್ಜನಿಗೆ ಗೊತ್ತಾಗಲಿ ಎಂದು, ನನ್ನಿಂದ ಅದನ್ನೇ ಕನ್ನಡದಲ್ಲಿ ಬರೆಸಿದ್ದಳು. ಅಂಟು ಸರಿಯಾಗಿ ಕೂತಿದೆಯೇ ಎಂದು ಹೆಂಡತಿ ಒಮ್ಮೆ ಒತ್ತಿ ನೋಡಿ, ಲಕೋಟೆಯನ್ನು ಪೆಟ್ಟಿಗೆಯೊಳಗೆ ಇಳಿಬಿಟ್ಟಳು.